ಚಿನ್ನದ ಸರಪಳಿ: ಬಾಸ್ಟನ್ನಿನ ಅಳಿಲೂ ಮೈಸೂರಿನ ಒತ್ತೆಯ ಮಕ್ಕಳೂ

1792ರ ಫೆಬ್ರವರಿ 26ರಂದು ಶ್ರೀರಂಗಪಟ್ಟಣದ ಕೋಟೆಯಿಂದ ಸಿಂಗರಿಸಿದ ಆನೆಗಳ ಮೇಲೆ, ಬೆಳ್ಳಿಯ ಅಂಬಾರಿಗಳಲ್ಲಿ ಕುಳಿತು, ಟಿಪ್ಪು ಸುಲ್ತಾನನ ಇಬ್ಬರು ಮಕ್ಕಳು ಹೊರಬಂದರು. ಹಿರಿಯನಾದ ಅಬ್ದುಲ್ ಖಾಲಿಕನಿಗೆ ಆಗ ಸುಮಾರು 10 ವರ್ಷ. ಕಿರಿಯನಾದ ಮುಯಿಜುದ್ದೀನನಿಗೆ 8. ಮೂರನೆಯ ಮೈಸೂರು ಯುದ್ಧದಲ್ಲಿ ಸೋತ ಟಿಪ್ಪು ತನ್ನ ರಾಜ್ಯದ ಅರ್ಧಭಾಗವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಲು ಒಪ್ಪಿದ್ದನು. ಕರಾರು ನೆರವೇರುವವರೆಗೆ ಈ ಮಕ್ಕಳು ಇಂಗ್ಲಿಷರ ವಶದಲ್ಲಿ ಒತ್ತೆಯಾಗಿರಬೇಕಾಗಿತ್ತು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಡೇರೆಯ ಬಾಗಿಲಿಗೆ ಬಂದು ಅವರನ್ನು ಎದುರುಗೊಂಡನು. ಅಪ್ಪಿಕೊಂಡು, ಕೈಹಿಡಿದು ಒಳಗೆ ಕರೆದೊಯ್ದು, ತನ್ನ ಎರಡು ಪಕ್ಕಗಳಲ್ಲಿ ಕುಳ್ಳಿರಿಸಿಕೊಂಡನು. ಸುಲ್ತಾನನ ವಕೀಲ ಗುಲಾಮ್ ಅಲಿಯು, ಈ ಬೆಳಗಿನವರೆಗೆ ತನ್ನ ಒಡೆಯನ ಮಕ್ಕಳಾಗಿದ್ದ ಇವರು ಇನ್ನು ಕಾರ್ನ್‌ವಾಲಿಸನನ್ನೇ ತಂದೆಯೆಂದು ಕಾಣಬೇಕಾಗಿದೆ ಎಂಬರ್ಥದ ಮಾತುಗಳಿಂದ ಅವರನ್ನು ಒಪ್ಪಿಸಿದನು. ಮಕ್ಕಳಿಗೆ ಒಂದೊಂದು ಚಿನ್ನದ ಗಡಿಯಾರ ಉಡುಗೊರೆಯಾಗಿ ದೊರೆಯಿತು. ಈ ವಿವರಗಳೆಲ್ಲ ಅದೇ ದಂಡಿನಲ್ಲಿದ್ದ ಮೇಜರ್ ಅಲೆಕ್ಸಾಂಡರ್ ಡಿರೋಮನು 1793ರಲ್ಲಿ ಪ್ರಕಟಿಸಿದ ಯುದ್ಧವೃತ್ತಾಂತದಲ್ಲಿವೆ.

ಬಿಳಿಯ ಮಸ್ಲಿನ್ ಅಂಗಿ, ಕೆಂಪು ರುಮಾಲು, ಕೊರಳಲ್ಲಿ ಮುತ್ತಿನ ಸರಗಳು: ಡಿರೋಮ್ ಬರೆದ ಈ ವೇಷ ಲಂಡನ್ನಿನ ಚಿತ್ರಕಾರರಿಗೆ ಬಲು ಬೇಗ ಕಂಠಪಾಠವಾಯಿತು. ದಂಡಿನ ಜೊತೆಯಲ್ಲಿಯೇ ಸಂಚರಿಸಿದ್ದ ರಾಬರ್ಟ್ ಹೋಮ್ ಈ ಪ್ರಸಂಗವನ್ನು ದೊಡ್ಡ ತೈಲಚಿತ್ರವಾಗಿ ಬರೆದನು. ಜನಸಂದಣಿಯ ಒಂದು ಅಂಚಿನಲ್ಲಿ ತನ್ನನ್ನೂ ನಿಲ್ಲಿಸಿಕೊಂಡನು. ಹೆನ್ರಿ ಸಿಂಗಲ್ಟನ್, ಆರ್ಥರ್ ವಿಲಿಯಂ ಡೆವಿಸ್ ಮುಂತಾದವರೂ ಇದೇ ವಸ್ತುವನ್ನು ಕೈಗೆತ್ತಿಕೊಂಡರು. ತೈಲಚಿತ್ರಗಳಿಂದ ಅಚ್ಚಿನ ಚಿತ್ರಗಳು ಹುಟ್ಟಿ ಮನೆಮನೆಯ ಗೋಡೆಗಳಿಗೆ ಹೋದವು. ಈ ಚಿತ್ರಕಾರರ ಸಾಲಿನಲ್ಲಿ ಮ್ಯಾಥರ್ ಬ್ರೌನ್ ಎಂಬವನೊಬ್ಬನಿದ್ದಾನೆ. ಅವನು ಭಾರತವನ್ನು ಕಂಡವನಲ್ಲ. 1761ರಲ್ಲಿ ಹುಟ್ಟಿದ್ದು ಅಮೆರಿಕದ ಬಾಸ್ಟನ್ ನಗರದಲ್ಲಿ. ರಾಜಕುಮಾರರು ಅಂತಃಪುರದಿಂದ ಬೀಳ್ಕೊಳ್ಳುವುದನ್ನೂ, ಕಾರ್ನ್‌ವಾಲಿಸನು ಅವರನ್ನು ಬರಮಾಡಿಕೊಳ್ಳುವುದನ್ನೂ ಅವನು ಚಿತ್ರಿಸಿದನು.

ಇಲ್ಲಿ ಒಂದು ವಿಚಿತ್ರ ಸಂಯೋಗವಿದೆ. 1781ರ ಅಕ್ಟೋಬರ್ 19ರಂದು ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ನನಿಗೆ ಶರಣಾದ ಸೇನೆಯ ನಾಯಕ ಇದೇ ಕಾರ್ನ್‌ವಾಲಿಸ್. ಅಮೆರಿಕದಲ್ಲಿ ಸೋತ ಸೇನಾಪತಿಯ ಮೈಸೂರಿನ ಗೆಲುವನ್ನು ಅಮೆರಿಕದಲ್ಲಿ ಹುಟ್ಟಿದ ಚಿತ್ರಕಾರನು ಲಂಡನ್ನಿನಲ್ಲಿ ಕುಳಿತು ಬರೆದನು. ಈ ಸಂಯೋಗಕ್ಕಿಂತಲೂ ಹೆಚ್ಚಿನ ವಿಚಾರಕ್ಕೆ ಎಡೆಕೊಡುವ ಸಂಗತಿ ಇನ್ನೊಂದು. ಬ್ರೌನ್ ಹುಟ್ಟಿದ ಊರಿನಲ್ಲಿ ಮಕ್ಕಳನ್ನು ಚಿತ್ರಿಸುವುದಕ್ಕೆ ತನ್ನದೇ ಆದ ಒಂದು ರೂಢಿಯಿತ್ತು. ಆ ರೂಢಿಯಲ್ಲಿ ಮಗುವಿನ ಪಕ್ಕದಲ್ಲಿ ಒಂದು ಸಾಕುಪ್ರಾಣಿಗೆ ಸ್ಥಾನವಿತ್ತು. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಮಕ್ಕಳ ಚಿತ್ರಗಳನ್ನು ಆ ರೂಢಿಯ ಎದುರಿನಲ್ಲಿಟ್ಟು ನೋಡಿದರೆ, ಅವುಗಳಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಬೀಳದ ಒಂದು ಅಂಶ ಸ್ಪಷ್ಟವಾಗುತ್ತದೆ.

ಬಾಸ್ಟನ್ನಿನ ಆ ರೂಢಿಯ ಮೇರುಕೃತಿ ಜಾನ್ ಸಿಂಗಲ್ಟನ್ ಕೋಪ್ಲಿಯು 1765ರಲ್ಲಿ ಬರೆದ ಹಾರುವ ಅಳಿಲಿನ ಹುಡುಗನ ಚಿತ್ರ. ಈಗ ಅದು ಬಾಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯದಲ್ಲಿದೆ. ಚಿತ್ರದಲ್ಲಿರುವವನು ಕೋಪ್ಲಿಯ ಮಲತಮ್ಮ ಹೆನ್ರಿ ಪೆಲ್ಹಾಮ್. ಹಿಂದೆ ಕೆಂಪು ಪರದೆ. ಮುಂದೆ ಕನ್ನಡಿಯಂತೆ ಹೊಳೆಯುವ ಮೇಜು. ಮೇಜಿನ ಮೇಲೆ ಒಂದು ಲೋಟ ನೀರು. ಹುಡುಗನ ನೋಟ ಚಿತ್ರದ ಹೊರಗೆ ಎಲ್ಲಿಯೋ ನೆಟ್ಟಿದೆ. ಅವನ ಬೆರಳುಗಳ ನಡುವೆ ಕೂದಲಿನಷ್ಟು ನವುರಾದ ಚಿನ್ನದ ಸರಪಳಿ. ಅದರ ಇನ್ನೊಂದು ತುದಿಯಲ್ಲಿ, ಕಾಯಿಯನ್ನು ಕಡಿಯುತ್ತ ಕುಳಿತ ಪುಟ್ಟ ಅಳಿಲು. ನಮ್ಮ ಮಲೆನಾಡಿನ ದೊಡ್ಡ ಹಾರುಬೆಕ್ಕಿನ ದೂರದ ಬಂಧುವಾದ ಈ ಪ್ರಾಣಿ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು; ಅಮೆರಿಕದ ವಸಾಹತುಗಳ ಮನೆಗಳಲ್ಲಿ ಮಕ್ಕಳು ಇದನ್ನು ಮುದ್ದಿಗಾಗಿ ಸಾಕುತ್ತಿದ್ದರು. ಕೋಪ್ಲಿ ಈ ಚಿತ್ರವನ್ನು ಹಡಗಿನಲ್ಲಿ ಲಂಡನ್ನಿಗೆ ಕಳುಹಿಸಿದನು. 1766ರ ಪ್ರದರ್ಶನದಲ್ಲಿ ಅದನ್ನು ಕಂಡ ಸರ್ ಜೋಶುವಾ ರೆನಾಲ್ಡ್ಸ್ ಮೆಚ್ಚಿದನು. ಯಾವ ಗುರುವಿನ ಬಳಿಯಲ್ಲಿಯೂ ಹೆಚ್ಚು ಕಲಿಯದ ವಸಾಹತಿನ ಯುವಕನೊಬ್ಬನ ಭವಿಷ್ಯ ಆ ಅಳಿಲಿನಿಂದ ತೆರೆಯಿತು ಎಂದರೆ ತಪ್ಪಾಗದು.

ಅದಾದ 6 ವರ್ಷಗಳ ಮೇಲೆ, 1771ರಲ್ಲಿ, ನ್ಯೂಯಾರ್ಕಿನ ಸಿರಿವಂತ ಮನೆತನದ 9 ವರ್ಷದ ಬಾಲಕ ಡೇನಿಯಲ್ ವರ್‌ಪ್ಲಾಂಕನ ಚಿತ್ರವನ್ನು ಕೋಪ್ಲಿ ಬರೆದನು. ಅಲ್ಲಿಯೂ ಅಳಿಲು, ಅಲ್ಲಿಯೂ ಚಿನ್ನದ ಸರಪಳಿ. ಎಲ್ಲ ಮಕ್ಕಳೂ ಅಳಿಲನ್ನು ನಿಜವಾಗಿ ಸಾಕಿದ್ದರೋ ಎಂಬುದು ಬೇರೆಯ ಪ್ರಶ್ನೆ. ಚಿತ್ರದಲ್ಲಿ ಅದು ಏನನ್ನು ಹೇಳುತ್ತದೆ ಎಂಬುದು ಆ ಕಾಲದ ನೋಡುಗರಿಗೆ ತಿಳಿದಿತ್ತು. ಕಾಯಿಯ ಸಿಪ್ಪೆಯನ್ನು ತಾಳ್ಮೆಯಿಂದ ಒಡೆದು ತಿರುಳನ್ನು ಪಡೆಯುವ ಅಳಿಲು ಶ್ರಮದಿಂದ ವಿದ್ಯೆಯನ್ನು ಪಡೆಯುವವನ ಸಂಕೇತ. ಕಾಡಿನ ಪ್ರಾಣಿಯನ್ನು ಪಳಗಿಸಿದ ಹುಡುಗನು ತನ್ನ ಚಂಚಲ ಮನಸ್ಸನ್ನೂ ಪಳಗಿಸಿಕೊಂಡಿದ್ದಾನೆ. ನಾಳೆ ಆಸ್ತಿಯನ್ನೂ ಆಳುಗಳನ್ನೂ ಇದೇ ನವುರಿನಿಂದ ಹಿಡಿದಿಡಬಲ್ಲನು. ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ 1693ರಲ್ಲಿ ಮಕ್ಕಳ ಶಿಕ್ಷಣವನ್ನು ಕುರಿತು ಬರೆದ ಪುಸ್ತಕ ಅಮೆರಿಕದ ವಸಾಹತುಗಳಲ್ಲಿಯೂ ಓದುಗರನ್ನು ಪಡೆದಿತ್ತು. ಚಿಕ್ಕ ಜೀವಿಗಳನ್ನು ಹಿಂಸಿಸಿ ನಲಿಯುವ ಮಗು ಮುಂದೆ ಮನುಷ್ಯರ ಮೇಲೂ ಕರುಣೆಯಿಲ್ಲದವನಾಗುತ್ತಾನೆ ಎಂದು ಎಚ್ಚರಿಸಿದ ಲಾಕ್, ತನ್ನ ಹೆಣ್ಣುಮಕ್ಕಳಿಗೆ ನಾಯಿ, ಅಳಿಲು, ಹಕ್ಕಿಗಳನ್ನು ಕೊಡಿಸಿ ಅವುಗಳ ಆರೈಕೆಯ ಹೊಣೆಯನ್ನೂ ಅವರಿಗೇ ವಹಿಸುತ್ತಿದ್ದ ತಾಯಿಯೊಬ್ಬಳನ್ನು ಹೊಗಳುತ್ತಾನೆ. ಜೀವದಯೆಯನ್ನು ಬಾಲ್ಯದಿಂದಲೇ ಕಲಿಸಬೇಕೆಂಬ ಈ ಮಾತು ಜೈನ ಓದುಗನಿಗೆ ಹೊಸದಾಗಿ ತೋರದು. ಅದನ್ನು ಹೇಳಿದ ದೇಶ ಮಾತ್ರ ದೂರದ್ದು.

ಆದರೆ ಸರಪಳಿ? ಕೋಪ್ಲಿ ಅದನ್ನು ಚಿನ್ನದ್ದಾಗಿ ಮಾಡಿದನು, ಬೆರಳ ತುದಿಯಲ್ಲಿ ಭಾರವಿಲ್ಲದಂತೆ ನಿಲ್ಲಿಸಿದನು. ಆದರೂ ಅದು ಸರಪಳಿಯೇ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಗೃಹಸ್ಥನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಹೊಡೆಯುವುದು; ಕೊಲ್ಲುವುದಾದರೆ ವ್ರತವೇ ಮುರಿದುಹೋಗುತ್ತದೆ, ಅತಿಚಾರದ ಮಾತೇ ಬರುವುದಿಲ್ಲ. ಹೊಡೆಯುವುದಕ್ಕಿಂತ, ಅಂಗವನ್ನು ಕತ್ತರಿಸುವುದಕ್ಕಿಂತ ಮೊದಲು ಕಟ್ಟಿಹಾಕುವುದನ್ನು ಹೆಸರಿಸಿರುವುದು ಗಮನಿಸತಕ್ಕ ವಿಷಯ. ಕನ್ನಡ ನಾಡಿನ ಆಚಾರ್ಯನಾದ ಪೂಜ್ಯಪಾದನು ಸರ್ವಾರ್ಥಸಿದ್ಧಿಯಲ್ಲಿ ಬಂಧವನ್ನು ವಿವರಿಸುವಾಗ ಹಗ್ಗದ ಮಾತನ್ನೂ ಸಂಕೋಲೆಯ ಮಾತನ್ನೂ ಎತ್ತುವುದಿಲ್ಲ. ಜೀವಿಯು ತನಗೆ ಬೇಕಾದೆಡೆಗೆ ಹೋಗದಂತೆ ತಡೆಯುವುದು ಯಾವುದೋ ಅದೇ ಬಂಧವೆಂಬುದು ಅವನ ಅರ್ಥನಿರೂಪಣೆ. ಈ ದೃಷ್ಟಿಯಲ್ಲಿ ಹಗ್ಗ ನಾರಿನದೋ ಚಿನ್ನದ್ದೋ ಎಂಬ ಪ್ರಶ್ನೆಗೆ ಬೆಲೆಯೇ ಇಲ್ಲ.

ಶ್ವೇತಾಂಬರ ಪರಂಪರೆಯ ಶ್ರಾವಕಾಚಾರಗಳು, ವಿಶೇಷವಾಗಿ ಹೇಮಚಂದ್ರನು ತನ್ನ ಯೋಗಶಾಸ್ತ್ರಕ್ಕೆ ಬರೆದ ವಿವರಣೆ, ಇನ್ನೂ ಮುಂದೆ ಹೋಗುತ್ತವೆ. ಅವು ನಾಲ್ಕು ಕಾಲಿನವರನ್ನೂ ಎರಡು ಕಾಲಿನವರನ್ನೂ, ಎಂದರೆ ದನಕರುಗಳನ್ನೂ ದಾಸದಾಸಿಯರನ್ನೂ ಓದಿಗೆ ಮೈಗಳ್ಳನಾದ ಮಗನನ್ನೂ, ಒಂದೇ ವಿಧಿಯ ಕೆಳಗೆ ತರುತ್ತವೆ. ಕಟ್ಟಲೇಬೇಕಾದ ಸಂದರ್ಭ ಬಂದರೆ ಗಂಟು ಸಡಿಲವಾಗಿರಬೇಕು. ಬೆಂಕಿ ಬಿದ್ದಾಗ ಬಿಚ್ಚಲು ಬರುವಂತಿರಬೇಕು. ಕಟ್ಟದೆಯೇ ಉಳಿಯುವ ಜೀವಿಗಳನ್ನು ಮಾತ್ರ ಮನೆಯಲ್ಲಿಟ್ಟುಕೊಳ್ಳುವುದು ಎಲ್ಲಕ್ಕಿಂತ ಮೇಲು. ಮಗುವನ್ನೂ ಕರುವನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಇಂದಿನವರಿಗೆ ಒರಟಾಗಿ ಕೇಳಿಸಬಹುದು. ಆದರೆ ಯಾರನ್ನು ಕಟ್ಟಿದರೂ ಕಟ್ಟುವವನ ಮನಸ್ಸಿನಲ್ಲಿ ನಡೆಯುವುದು ಒಂದೇ ಎಂಬ ತಿಳಿವಳಿಕೆ ಅದರ ಹಿಂದಿದೆ. 1209ರಲ್ಲಿ ಜನ್ನನು ಬರೆದ ಯಶೋಧರ ಚರಿತೆಯಲ್ಲಿ ಅರಮನೆಯ ನವಿಲೂ ನಾಯಿಯೂ ಬೇರಾರೂ ಅಲ್ಲ, ಆಳುವ ದೊರೆಯ ತಂದೆ ಮತ್ತು ಅಜ್ಜಿ. ಆ ಕಾವ್ಯವನ್ನು ಓದಿದವನಿಗೆ ಮುದ್ದಿನ ಪ್ರಾಣಿಯು ಕೇವಲ ಆಟಿಕೆಯಾಗಿ ಕಾಣುವುದು ಕಷ್ಟ.

ಶ್ರವಣಬೆಳಗೊಳದ ಜೈನಮಠದ ಗೋಡೆಗಳ ಮೇಲೆ ನಾಗಕುಮಾರನ ಜೀವನದ ದೃಶ್ಯಗಳಿವೆ. ನಾಗಕುಮಾರನು ಶಿಶುವಾಗಿದ್ದಾಗ ಬಾವಿಗೆ ಬಿದ್ದನೆಂದೂ ಅಲ್ಲಿದ್ದ ನಾಗವು ಅವನನ್ನು ಕಾಪಾಡಿತೆಂದೂ, ಆದುದರಿಂದಲೇ ಅವನಿಗೆ ಆ ಹೆಸರು ಬಂದಿತೆಂದೂ ಕಥೆ. ಪುಷ್ಪದಂತನ ಅಪಭ್ರಂಶ ಕಾವ್ಯದಿಂದ ಮೊದಲ್ಗೊಂಡು ಇದು ಹಲವು ಭಾಷೆಗಳಲ್ಲಿ ಹರಿದಿದೆ. ಮಗುವಿಗೂ ಪ್ರಾಣಿಗೂ ಇಲ್ಲಿರುವ ಸಂಬಂಧ ಬಾಸ್ಟನ್ನಿನ ಸಂಬಂಧವನ್ನು ತಲೆಕೆಳಗು ಮಾಡಿದಂತಿದೆ: ಪ್ರಾಣಿಯೇ ಮಗುವನ್ನು ಹಿಡಿದಿದೆ, ಹಿಡಿದದ್ದು ಉಳಿಸುವುದಕ್ಕಾಗಿ. ಅದೇ ಮಠದ ಇನ್ನೊಂದು ಭಿತ್ತಿಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರಿನ ಚಿತ್ರವಿದೆ. ಟಿಪ್ಪುವಿನ ಪತನದ ಅನಂತರ, 1799ರ ಜೂನ್ 30ರಂದು, 5 ವರ್ಷದ ಬಾಲಕನಾಗಿ ಇಂಗ್ಲಿಷರಿಂದ ಸಿಂಹಾಸನದ ಮೇಲೆ ಕುಳ್ಳಿರಿಸಲ್ಪಟ್ಟ ದೊರೆ ಇವರೇ.

ಅಮೆರಿಕದ ಚಿತ್ರಗಳಲ್ಲಿ ನಾಲ್ಕು ಕಾಲಿನ ಜೀವಿಯ ಜಾಗವನ್ನು ಎರಡು ಕಾಲಿನ ಜೀವಿಯು ತುಂಬಿದ ನಿದರ್ಶನ ಕೋಪ್ಲಿಗಿಂತ ಅರ್ಧಶತಮಾನ ಹಿಂದೆಯೇ ಇದೆ. ಸುಮಾರು 1710ರಲ್ಲಿ ಮೇರಿಲ್ಯಾಂಡಿನಲ್ಲಿ ಯುಸ್ಟಸ್ ಎಂಗೆಲ್‌ಹಾರ್ಟ್ ಕ್ಯೂನ್ ಎಂಬ ಚಿತ್ರಕಾರನು ಡಾರ್ನಲ್ ಮನೆತನದ ಮಕ್ಕಳನ್ನು ಚಿತ್ರಿಸಿದನು. ಮಗಳು ಎಲೆನರಳ ಪಕ್ಕದಲ್ಲಿ ಒಂದು ನಾಯಿಯಿದೆ. ಮಗ ಹೆನ್ರಿಯು ಬಿಲ್ಲು ಹಿಡಿದು ನಿಂತಿದ್ದಾನೆ. ಅವನ ಹಿಂದೆ, ಕಟಾಂಜನದ ಆಚೆಗೆ, ಗುಲಾಮನಾದ ಒಬ್ಬ ಕರಿಯ ಬಾಲಕನು ಬೇಟೆಯ ಹಕ್ಕಿಯನ್ನು ಹಿಡಿದುಕೊಂಡು ಒಡೆಯನ ಮುಖವನ್ನೇ ನೋಡುತ್ತಿದ್ದಾನೆ. ಅವನ ಕೊರಳಲ್ಲಿ ಬೆಳ್ಳಿಯ ಪಟ್ಟಿ. ಅಮೆರಿಕದ ವಸಾಹತುಗಳ ತೈಲಚಿತ್ರಗಳಲ್ಲಿ ಕಾಣಿಸಿಕೊಂಡ ಮೊದಲ ಆಫ್ರಿಕನ್ ಮೂಲದ ವ್ಯಕ್ತಿ ಈ ಬಾಲಕನೆಂದು ಕಲಾಚರಿತ್ರಕಾರರು ಎಣಿಸುತ್ತಾರೆ. ಚಿತ್ರದ ಶೀರ್ಷಿಕೆಯಲ್ಲಿ ಹೆನ್ರಿಯ ಹೆಸರಿದೆ, ಇವನದಿಲ್ಲ. ತಂಗಿಯ ಚಿತ್ರದ ನಾಯಿಯ ಸ್ಥಾನವೇ ಅಣ್ಣನ ಚಿತ್ರದಲ್ಲಿ ಇವನ ಸ್ಥಾನ. ಪಟ್ಟಿಯು ಬೆಳ್ಳಿಯದಾಗಿರುವುದು ಒಡೆಯನ ಸಿರಿಯನ್ನು ತೋರಿಸುವುದಕ್ಕೆ.

ಈ ಹಿನ್ನೆಲೆಯಲ್ಲಿ ಮೈಸೂರಿನ ರಾಜಕುಮಾರರ ಚಿತ್ರಗಳಿಗೆ ಮರಳಬಹುದು. ಮ್ಯಾಥರ್ ಬ್ರೌನನಿಗೆ ಕೋಪ್ಲಿಯ ಕೆಲಸ ಅಪರಿಚಿತವಾಗಿರಲಿಲ್ಲ. ಅವನ ಅಜ್ಜ, ಬಾಸ್ಟನ್ನಿನ ಪಾದ್ರಿ ಮ್ಯಾಥರ್ ಬೈಲ್ಸನ ಭಾವಚಿತ್ರವನ್ನು ಬರೆದವನು ಕೋಪ್ಲಿಯೇ. ಬ್ರೌನ್ 1781ರಲ್ಲಿ ಲಂಡನ್ ಸೇರಿ ಬೆಂಜಮಿನ್ ವೆಸ್ಟನ ಬಳಿ ಕಲಿತನು. ಅದಕ್ಕೆ ಮೊದಲೇ ಬಾಸ್ಟನ್ ತೊರೆದಿದ್ದ ಕೋಪ್ಲಿಯು ಅಲ್ಲಿ 1785ರಲ್ಲಿ ದೊರೆ ಮೂರನೆಯ ಜಾರ್ಜನ ಮೂವರು ಕಿರಿಯ ಹೆಣ್ಣುಮಕ್ಕಳನ್ನು ನಾಯಿಗಳ ಮತ್ತು ಗಿಳಿಗಳ ನಡುವೆ ಚಿತ್ರಿಸಿ ತೋರಿಸಿದ್ದನು. ಇಂಗ್ಲೆಂಡಿನ ಅರಸುಮಕ್ಕಳಿಗೆ ಮುದ್ದಿನ ಪ್ರಾಣಿ ಸಲ್ಲುತ್ತದೆ. ಮೈಸೂರಿನ ಅರಸುಮಕ್ಕಳ ಚಿತ್ರದಲ್ಲಿ ಪ್ರಾಣಿಗಳಿಗೆ ಕೊರತೆಯಿಲ್ಲ; ಹೋಮನ ಚಿತ್ರದಲ್ಲಿ ಆನೆಗಳೇ ನಿಂತಿವೆ. ಆದರೆ ಅವು ಮೆರವಣಿಗೆಯ ಆನೆಗಳು, ಸೋತ ಅರಸನ ವೈಭವಕ್ಕೆ ಸಾಕ್ಷಿಗಳು. ಮಗುವಿನ ಕೈಯ ಅಳತೆಗೆ ಸಿಗುವ ಜೀವಿ ಅಲ್ಲಿಲ್ಲ. ಮಕ್ಕಳ ಕೈಗಳು ಏನನ್ನೂ ಹಿಡಿದಿಲ್ಲ. ಅವೇ ಇನ್ನೊಬ್ಬನ ಹಿಡಿತದಲ್ಲಿವೆ. ಚಿತ್ರದ ನಡುವೆ ಕಾರ್ನ್‌ವಾಲಿಸನು ಬಾಗಿ ಕೈಚಾಚುವ ಭಂಗಿಯಲ್ಲಿ, ಅಳಿಲಿನ ಮೇಲೆ ಬಾಸ್ಟನ್ನಿನ ಹುಡುಗನಿಗಿದ್ದ ಆ ನವುರಾದ ಒಡೆತನವೇ ದೊಡ್ಡದಾಗಿ ಬೆಳೆದು ನಿಂತಿದೆ. ಪಳಗಿಸುವವನ ಪಾತ್ರ ಸೇನಾಪತಿಯದು. ಪಳಗುವ ಜೀವಿಯ ಪಾತ್ರ ಮಕ್ಕಳದು.

ಲಂಡನ್ನಿನ ಜನ ಈ ಚಿತ್ರಗಳನ್ನು ಪ್ರೀತಿಸಿದ್ದಕ್ಕೆ ಕಾರಣವೂ ಇದರಲ್ಲಿಯೇ ಇದೆ. ಅಮೆರಿಕವನ್ನು ಕಳೆದುಕೊಂಡ ನೋವು ಹತ್ತು ವರ್ಷ ಹಳೆಯದು. ಕಂಪನಿಯ ಆಡಳಿತದ ಕ್ರೌರ್ಯದ ಬಗ್ಗೆ ವಾರನ್ ಹೇಸ್ಟಿಂಗ್ಸನ ಮೇಲಿನ ವಿಚಾರಣೆ 1788ರಿಂದ ಪಾರ್ಲಿಮೆಂಟಿನಲ್ಲಿ ನಡೆದೇ ಇತ್ತು. ಅಂಥ ಸಮಯದಲ್ಲಿ, ಗೆದ್ದವನು ಮಕ್ಕಳನ್ನು ಅಪ್ಪಿಕೊಳ್ಳುವ ಚಿತ್ರ ಮನಸ್ಸಿಗೆ ಹಿತವಾಗಿತ್ತು. ತಂದೆಯ ಕೈಯಿಂದ ಮಕ್ಕಳನ್ನು ಕಿತ್ತುಕೊಂಡವನೇ ತಂದೆಯಾಗಿ ಕಾಣಿಸಿಕೊಳ್ಳುವಂತೆ ಮಾಡುವುದು ಸಾಮಾನ್ಯ ಕೌಶಲವಲ್ಲ.

ಡಿರೋಮನ ಗ್ರಂಥದಲ್ಲಿಯೇ ಇರುವ ಒಂದು ಸಂಗತಿ ಈ ಹಿತವನ್ನು ಕದಡುತ್ತದೆ. ಕಿರಿಯ ಮುಯಿಜುದ್ದೀನನ ತಾಯಿ ಬುರ್ಹಾನುದ್ದೀನನ ಸೋದರಿ. ಬುರ್ಹಾನುದ್ದೀನನು ಅದಾಗಲೇ ಯುದ್ಧದಲ್ಲಿ ಮಡಿದಿದ್ದನು. ಫೆಬ್ರವರಿಯಲ್ಲಿ ಇಂಗ್ಲಿಷರ ಸೇನೆ ಶ್ರೀರಂಗಪಟ್ಟಣದ ಹೊರಸಾಲಿನ ಮೇಲೆ ನುಗ್ಗಿದ ಕೆಲವೇ ದಿನಗಳಲ್ಲಿ ಆ ತಾಯಿಯೂ ಭೀತಿಯಿಂದ ತೀರಿಕೊಂಡಳೆಂದು ದಂಡಿನಲ್ಲಿ ಸುದ್ದಿಯಿತ್ತು. ಈ ಕಾರಣದಿಂದ ಆ ಹುಡುಗನ ಮೇಲೆ ಎಲ್ಲರಿಗೂ ಇಮ್ಮಡಿ ಅಕ್ಕರೆ ಮೂಡಿತೆಂದು ಡಿರೋಮ್ ಬರೆಯುತ್ತಾನೆ. ಅಕ್ಕರೆ ಸುಳ್ಳಿರಲಾರದು. ಆದರೆ ಆ ಸಾವಿಗೆ ಕಾರಣವಾದ ಸೇನೆಯದೇ ಆ ಅಕ್ಕರೆ. ಬ್ರೌನ್ ಬರೆದ ಅಂತಃಪುರದ ಬೀಳ್ಕೊಡುಗೆಯನ್ನು ನೋಡುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು: 8 ವರ್ಷದ ಆ ಬಾಲಕನನ್ನು ಬೀಳ್ಕೊಡಲು ತಾಯಿಯೇ ಉಳಿದಿರಲಿಲ್ಲ. ಗಡಿಯಾರವನ್ನು ಪಡೆದು ಮಕ್ಕಳು ಸಂತೋಷಪಟ್ಟಂತೆ ಕಂಡಿತೆಂದೂ ಗ್ರಂಥಕಾರನು ಸೇರಿಸುತ್ತಾನೆ. ಚಿನ್ನಕ್ಕೆ ಇಲ್ಲಿಯೂ ತನ್ನ ಕೆಲಸವಿತ್ತು.

ಮಕ್ಕಳನ್ನು ಮದರಾಸಿಗೆ ಕರೆದೊಯ್ದರು. ಅಲ್ಲಿ ಅವರಿಗೆ ಯಾವ ಸಂಕೋಲೆಯೂ ಇರಲಿಲ್ಲ. ಗೌರವವಿತ್ತು, ಊಳಿಗದವರಿದ್ದರು, ನೋಡಿಕೊಳ್ಳಲು ಕ್ಯಾಪ್ಟನ್ ಡವ್‌ಟನ್ ಎಂಬ ಅಧಿಕಾರಿಯಿದ್ದನು. ಬೇಕಾದೆಡೆಗೆ ಹೋಗುವುದೊಂದು ಇರಲಿಲ್ಲ. ಪೂಜ್ಯಪಾದನ ನಿರೂಪಣೆಗೆ ಇದಕ್ಕಿಂತ ಸರಿಯಾದ ಉದಾಹರಣೆ ದೊರೆಯುವುದು ಕಷ್ಟ.

ಎರಡು ವರ್ಷಗಳ ಮೇಲೆ, ಹಣವೆಲ್ಲ ಸಂದಾಯವಾದ ಬಳಿಕ, 1794ರ ಮಾರ್ಚ್ ತಿಂಗಳಲ್ಲಿ ಡವ್‌ಟನ್ ಅವರನ್ನು ಮರಳಿ ಕರೆತಂದನು. ತಂದೆ ಮಕ್ಕಳು ಸೇರಿದ್ದು ದೇವನಹಳ್ಳಿಯಲ್ಲಿ. ಹೈದರನು 1749ರ ಮುತ್ತಿಗೆಯಲ್ಲಿ ಮೊದಲು ಹೆಸರು ಪಡೆದ ಊರು ಅದು. ಟಿಪ್ಪು ಹುಟ್ಟಿದ ಊರು. 1791ರಲ್ಲಿ ಬೆಂಗಳೂರನ್ನು ಗೆದ್ದ ಬೆನ್ನಿಗೆ ಉತ್ತರಕ್ಕೆ ಸಾಗಿದ ಕಾರ್ನ್‌ವಾಲಿಸನಿಗೆ ಪ್ರತಿಭಟಿಸದೆ ಬಾಗಿಲು ತೆರೆದ ಕೋಟೆಯೂ ಹೌದು. ಮೂರು ತಲೆಮಾರುಗಳ ಕಥೆ ಒಂದೇ ಊರಿನಲ್ಲಿ ಕೂಡಿದ ಆ ದಿನ ಲಂಡನ್ನಿನ ಅಚ್ಚಿನ ಚಿತ್ರಗಳ ಮಾರುಕಟ್ಟೆಯನ್ನು ಅಷ್ಟಾಗಿ ಸೆಳೆಯಲಿಲ್ಲ. ಮಕ್ಕಳನ್ನು ಒಪ್ಪಿಸಿದ ದೃಶ್ಯಕ್ಕೆ ಬಂದ ಕೀರ್ತಿಯ ಸಣ್ಣ ಪಾಲೂ ಅವರು ಮರಳಿ ಬಂದ ದೃಶ್ಯಕ್ಕೆ ದೊರೆಯಲಿಲ್ಲ. ಇಂದು ದೇವನಹಳ್ಳಿಗೆ ಬರುವವರು ಟಿಪ್ಪುವಿನ ಜನ್ಮಸ್ಥಳವೆಂದು ಗುರುತಿಸಿರುವ ಪುಟ್ಟ ಕಲ್ಲಿನ ಮಂಟಪವನ್ನು ನೋಡಿ ಹೋಗುತ್ತಾರೆ. ಅವನ ಮಕ್ಕಳು ಬಿಡುಗಡೆ ಪಡೆದ ಊರೂ ಇದೇ ಎಂಬುದು ಕೆಲವರಿಗಷ್ಟೇ ಗೊತ್ತು.

ಬಿಡುಗಡೆ ಐದು ವರ್ಷ ಬಾಳಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅಬ್ದುಲ್ ಖಾಲಿಕನು ತಾನಾಗಿಯೇ ಬಂದು ಇಂಗ್ಲಿಷರ ಆಶ್ರಯ ಕೇಳಿದನು. ಮುಯಿಜುದ್ದೀನನು ಅರಮನೆಯಲ್ಲಿ ಸಿಕ್ಕನು. ಒಳಗೆ ಹೋದ ಮೇಜರ್ ಅಲನ್, ಒತ್ತೆಯ ದಿನಗಳಲ್ಲಿ ಕಂಡ ಮುಖವನ್ನು ಗುರುತಿಸಿದನು. ಅದೇ ಅರಮನೆಯಲ್ಲಿ ಟಿಪ್ಪು ಸಾಕಿದ ಹುಲಿಗಳಿದ್ದವು. ಮೇವು ಹಾಕುವವರಿಲ್ಲದೆ ಅವು ಹಸಿದು ಕೆರಳುತ್ತಿವೆ, ಯಾರನ್ನಾದರೂ ಕಳುಹಿಸದಿದ್ದರೆ ಗುಂಡಿಕ್ಕಿಸಬೇಕಾದೀತು ಎಂದು ಆರ್ಥರ್ ವೆಲೆಸ್ಲಿ ಪತ್ರ ಬರೆದನು. ಬಂಧದಿಂದ ಮೊದಲಾಗಿ ಅನ್ನಪಾನನಿರೋಧದಲ್ಲಿ ಮುಗಿಯುವ ಆ ಸೂತ್ರದ ಪಟ್ಟಿಗೆ ಹುಲಿಗಳ ಈ ಪಾಡೂ ಸೇರುತ್ತದೆ. ಅವುಗಳನ್ನು ಕಟ್ಟಿದವನು ಸುಲ್ತಾನನೇ ಎಂಬುದನ್ನೂ ಮರೆಯುವಂತಿಲ್ಲ.

ಯುದ್ಧ ಮುಗಿದ ಮೇಲೆ ಐರಿಷ್ ಚಿತ್ರಕಾರ ಥಾಮಸ್ ಹಿಕ್ಕಿಯು ಬಂದು ಟಿಪ್ಪುವಿನ ಮಕ್ಕಳ ಭಾವಚಿತ್ರಗಳನ್ನು ಬರೆದನು. ಒಬ್ಬೊಬ್ಬನಿಗೆ ಒಂದೊಂದು ಚಿತ್ರ. ಅಬ್ದುಲ್ ಖಾಲಿಕನೂ ಮುಯಿಜುದ್ದೀನನೂ ಆಗ ಯೌವನದ ಹೊಸ್ತಿಲಲ್ಲಿದ್ದರು. ಅವರನ್ನು ಕುಟುಂಬದೊಡನೆ ವೇಲೂರಿನ ಕೋಟೆಗೆ ಸಾಗಿಸಲಾಯಿತು. 1806ರ ಜುಲೈ ತಿಂಗಳಲ್ಲಿ ಅಲ್ಲಿ ಸಿಪಾಯಿಗಳ ದಂಗೆ ಎದ್ದ ಮೇಲೆ, ಸುಲ್ತಾನನ ಮನೆತನವನ್ನು ಇನ್ನೂ ದೂರಕ್ಕೆ, ಕಲ್ಕತ್ತೆಗೆ ಕಳುಹಿಸಿದರು.